ಗುಡಾರಕ್ಕೊಂದು ದಪ್ಪ ಹಾಸು

ಮಾಡದಕೆರೆ,
11-2-2025, ಮಂಗಳವಾರ, ಮಧ್ಯಾಹ್ನ

ನನ್ನ ಬಂಗಾರ ಮಾರುತೇಶನಿಗೆ, ಮನೆ ಕಾಯುತ್ತಾ ಕೂತಿರುವ ನಿನ್ನ ಅವ್ವ ಬರೆಯುವುದು.

ಕ್ಷೇಮವೇ ಅಂತ ಕೇಳುವ ಮೊದಲು ಬೈಯಬೇಕು ಅನ್ನಿಸುತ್ತಿದೆ, ಆದರೂ ಕೇಳುತ್ತೇನೆ. ನೀನು ಹೇಗಿದ್ದೀಯ? ಅಂಜಲಿಗೆ ಸೊಂಟದ ನೋವು ಕಡಿಮೆ ಆಯಿತಾ? ನಮ್ಮ ಸಿಂಚನಳ ಮೂಗು ಸೋರುವುದು ನಿಂತಿತಾ? ಕುರಿಗಳ ಕಾಲು ಬಾವು ಇಳಿಯಿತಾ? ಇಲ್ಲಿ ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಮೊನ್ನೆಯಿಂದ ನಿನ್ನ ಫೋನು ಸ್ವಿಚ್ ಆಫ್ ಅನ್ನುತ್ತಿದೆ. ಬಿಸಿಲಿನಲ್ಲಿ ಚಾರ್ಜ್ ಆಗುವ ಆ ಡಬ್ಬಿ ಮತ್ತೆ ಕೆಟ್ಟಿರಬೇಕು ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಂಜಲಿಯ ಫೋನಿಗೆ ಅಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ಗೊತ್ತಿದ್ದರೂ ಅದಕ್ಕೂ ಮಾಡಿದೆ. ಸಂಜೆ ದುರ್ಗೇಶ ಲಗೇಜ್ ಗಾಡಿಯಲ್ಲಿ ಆದಿವಾಲದ ಕಡೆಗೆ ಹಿಂಡಿ ಮೂಟೆ ಹೊಡೆಯುತ್ತಾನಂತೆ. ನೀನು ಕೇಳಿದ ಹಾಸಿನ ಜೊತೆ ಈ ಕಾಗದವನ್ನೂ ಕೊಟ್ಟು ಕಳಿಸೋಣ ಎಂದು ಕೂತೆ. ಅಕ್ಷರ ನೋಡಿ ಗಂಡ ಹೆಂಡತಿ ನಗಬೇಡಿ. ಏಳನೇ ಕ್ಲಾಸಿಗೆ ಬಿಟ್ಟ ಕೈ ಇದು.

ಹೋದ ವಾರ ನೀನು ಫೋನು ಮಾಡಿದಾಗ ಒಂದೇ ಹಟ ಹಿಡಿದಿದ್ದೆ. ಗುಡಾರದ ನೆಲ ನಡುಮಧ್ಯೆ ಕುಸಿಯುತ್ತಿದೆ, ಮಲಗಿದರೆ ಮೂವರೂ ನಡುವಿಗೇ ಉರುಳುತ್ತೇವೆ, ಹಳೇ ಕಂಬಳಿ ಸಾಲದು ಅಂದೆ. "ಎಷ್ಟು ಮಣ್ಣು ತುಂಬಿದ್ರೂ ಬೆಳಗಾಗಾದ್ರಾಗೆ ಕುಂತ್ಕಂಡಿರ್ತೈತೆ ಅವ್ವ, ದಪ್ಪಂದು ಏನಾದ್ರು ಹಾಸಿದ್ರೆ ಸರಿಹೋಗ್ತೈತೆ" ಅಂದೆಯಲ್ಲ, ಆಗ ನಾನು ಹೆಗ್ಗಣದ ಬಿಲ ಇರಬೇಕು ಕಣೋ ಅಂದಿದ್ದೆ. ನೀನೂ ಇರಬೇಕು ಅಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ನಿನಗೆ ಯಾವತ್ತು ಹಿಡಿಸಿದೆ? ನಿಮ್ಮಪ್ಪ ಇಡೀ ಆಯಸ್ಸು ಒಂದೇ ಕಂಬಳಿ ಹಾಸಿಕೊಂಡು, ಅದನ್ನೇ ಹೊದ್ದುಕೊಂಡು ಬಯಲಲ್ಲಿ ಮಲಗಿದ ಮನುಷ್ಯ. ಆದರೆ ಮಗು ಜೊತೆಗಿದೆ, ಥಂಡಿ ಕಾಲ. ಬಯ್ಯುತ್ತಲೇ ಬಸ್ಸು ಹತ್ತಿದೆ.

ಹೊಸದುರ್ಗದಲ್ಲಿ ಪ್ರಸನ್ನಕುಮಾರ್ ಅನ್ನುವವರ ಅಂಗಡಿಗೆ ಹೋದೆ. ಜಮಖಾನ, ಪ್ಲಾಸ್ಟಿಕ್ ಚಾಪೆ, ನಾರಿನ ಮ್ಯಾಟು, ಕೆಳಮೈಗೆ ಸ್ಪಂಜು ಇರುವ ಕಾರ್ಪೆಟ್ಟು, ಎಲ್ಲ ಸುರುಳಿ ಸುತ್ತಿ ಗೋಡೆಗೆ ಒರಗಿಸಿದ್ದರು. ನಾನು ಮೊದಲು ಜಮಖಾನ ಮುಟ್ಟಿದೆ. ಒಗೆಯಲು ಸಲೀಸು, ಮಡಚಿ ಕತ್ತೆಯ ಮೇಲೂ ಹೇರಬಹುದು. ಆದರೆ ತೆಳು. ಪ್ಲಾಸ್ಟಿಕ್ ಚಾಪೆ ಬೆಳಗಿನ ಜಾವ ಮಂಜುಗಡ್ಡೆ ಆಗುತ್ತದೆ, ಮಗು ಎದ್ದು ಕೂರುತ್ತದೆ. ಗುಡಾರಕ್ಕೆ ಬೇಕು ಅಂದಾಗ ಆ ಪುಣ್ಯಾತ್ಮ ನಗಲಿಲ್ಲ. ಕೆಂಪು ಹೂವಿನ ದಪ್ಪ ಕಾರ್ಪೆಟ್ಟೊಂದನ್ನು ಹೊರಗೆ ಎಳೆದು ತಂದು, ಅಂಗಡಿ ಮುಂದೆ ಚರಂಡಿಯ ಕಲ್ಲು ಒಡೆದು ಕಂಡಿ ಬಿದ್ದಿದೆಯಲ್ಲ, ಸರಿಯಾಗಿ ಅದರ ಮೇಲೆಯೇ ಹಾಸಿ, "ಬರ್ರಿ ಅಮ್ಮ, ನಿಂತ್ಕಳ್ರಿ. ಕೆಳಗೆ ಏನೈತೆ ಅಂತ ಕಾಲಿಗೇ ಗೊತ್ತಾಗಲ್ಲ" ಅಂದರು. ನಿಂತೆ. ಖಂಡಿತ ಗೊತ್ತಾಗಲಿಲ್ಲ. ಚಪ್ಪಲಿ ಬಿಟ್ಟು ನಿಂತೆ, ಆಗಲೂ ಗೊತ್ತಾಗಲಿಲ್ಲ. ಮೆತ್ತಗೆ, ಬೆಚ್ಚಗೆ, ಸಮವಾಗಿ ಇತ್ತು. ಸಂತೋಷದಿಂದ ಅದನ್ನೇ ಕಟ್ಟಿಸಿಕೊಂಡು ಬಂದೆ. ಈಗ ಜಗುಲಿಯ ಮೇಲೆ ಸುರುಳಿಯಾಗಿ ಬಿದ್ದಿದೆ, ನೆರೆಮನೆಯವರೆಲ್ಲ ಒಮ್ಮೆ ಒತ್ತಿ ನೋಡಿ ಹೋದರು. ಸಿಂಚನಳಿಗೆ ಹೂವು ಹಿಡಿಸುತ್ತವೆ.

ಇನ್ನು ನೀವು ಒಗೆಯಲೆಂದು ದುರ್ಗೇಶನ ಕೈಯಲ್ಲಿ ಕಳಿಸಿದ ಹಳೇ ಕಂಬಳಿಯ ವಿಷಯ. ಅಂಜಲಿ, ಇದನ್ನು ನೀನೂ ಓದುತ್ತೀಯ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಜೋಳಿಗೆ ಕಟ್ಟಿ ಮಗು ತೂಗಿದಿರಾ, ಮರಿ ತುಂಬಿ ಹೊತ್ತಿರಾ? ಒಗೆದು ಬಂಡೆಯ ಮೇಲೆ ಹರವಿದರೆ ಸಮನಾಗಿ ಮಲಗುವುದೇ ಇಲ್ಲ. ನಡುವೆ ಹೊಟ್ಟೆ ಬಂದಿದೆ. ಎರಡೂ ಕಡೆಯಿಂದ ಎಳೆದೆ, ಕಲ್ಲು ಹೇರಿದೆ, ಒಣಗಿದ ಮೇಲೂ ಹಾಗೇ ಇದೆ. ನೆಲಕ್ಕೆ ಹಾಸುವ ಕಂಬಳಿಗೆ ಹೊಟ್ಟೆ ಬರುವುದನ್ನು ನಾನು ಈ ವಯಸ್ಸಿನವರೆಗೆ ನೋಡಿಲ್ಲ. ನಿಮ್ಮ ಮಾವ ಕೂಡಿಸಿಟ್ಟ ಉಣ್ಣೆಯಲ್ಲಿ ನೇಯಿಸಿದ್ದು ಅದು. ನೀನು ಜೋಳಿಗೆ ಕಟ್ಟಿಲ್ಲ ಅನ್ನುವುದಾದರೆ ಬೈದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ತಾಯಿ, ಅತ್ತೆಯಾದ ಮೇಲೆ ಬಾಯಿ ಸುಮ್ಮನಿರುವುದಿಲ್ಲ.

ಅದರ ಕೆಳಮೈಗೆ ಒಂದು ವಾಸನೆ ಹತ್ತಿದೆ. ಕುರಿ ವಾಸನೆಯಲ್ಲ, ಗಂಜಲದ್ದಲ್ಲ. ಸೋಪು ಹಾಕಿದರೂ ಹೋಗಲಿಲ್ಲ. ಎಲ್ಲೋ ಮೂಸಿದ ವಾಸನೆ ಅಂತ ಬೆಳಿಗ್ಗೆಯಿಂದ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ನನ್ನ ತವರು ತಾಳ್ಯದ ವಾಸನೆ. ಅಲ್ಲಿ ನಮ್ಮ ಅಜ್ಜನ ಕಾಲದಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೀನು ನೋಡಿಲ್ಲ. ಮನೆ ಮುಂದೆ ಬಾವಿಯ ಹಾಗೆ ಆಳಕ್ಕೆ ತೋಡಿ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು ಬಿಟ್ಟು, ಒಳಗೆ ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಎಳೆಯುತ್ತಿದ್ದರು. ಗೊತ್ತಿಲ್ಲದವರು ಅದರ ಮೇಲೆಯೇ ಓಡಾಡಬೇಕು. ತೆಗೆಯುವ ದಿನ ಈ ಮುಗ್ಗಲು ವಾಸನೆ ಬೀದಿಗೆಲ್ಲ ಬರುತ್ತಿತ್ತು. ಮೊದಲು ಹಗ್ಗಕ್ಕೆ ಕಟ್ಟಿದ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ನಮ್ಮ ಚಿಕ್ಕಪ್ಪನೊಬ್ಬ ಅವಸರಗೇಡಿ, ದೀಪಕ್ಕೆ ಕಾಯದೆ ಇಳಿದ. ಮೇಲಿನವರು ಕೂಗುತ್ತಲೇ ಇದ್ದರು, ಅವನು ಓಗೊಡಲಿಲ್ಲ. ಬೇಡದ ಕಥೆ, ಯಾಕೆ ಬರೆದೆನೋ. ಬೆಳಿಗ್ಗೆಯಿಂದ ಬಲಗಣ್ಣು ಬೇರೆ ಅದುರುತ್ತಿದೆ.

ನಿನ್ನ ನಾಯಿ ಕೆಂಚ ಈಗಲಾದರೂ ಗುಡಾರದೊಳಗೆ ಬರುತ್ತಾನಾ? ಇಂಥ ಚಳಿಯಲ್ಲೂ ಹೊರಗೇ ಮುದುರಿಕೊಳ್ಳುತ್ತಾನೆ, ಎಳೆದು ತಂದರೂ ಹೊಸಿಲಲ್ಲೇ ಕಾಲೂರುತ್ತಾನೆ ಅಂದಿದ್ದೆ. ಊಟಕ್ಕೆ ಕೊಬ್ಬು ಅಂದುಕೊಂಡೆ. ಸಿಂಚನ ಫೋನಿನಲ್ಲಿ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ಅಜ್ಜೀ, ನಮ್ ಗುಡಾರದ ನೆಲ ತಮಟೆ ಥರ ಡಬ್ ಡಬ್ ಅಂತೈತೆ, ಕೇಳು" ಅಂತ ಹಾರಿ ಹಾರಿ ತೋರಿಸಿದಳು. ಕುಣಿ ನನ್ನವ್ವ, ಇನ್ನೊಂದು ಸಾರಿ ಕುಣಿ ಅಂತ ನಾನೂ ನಕ್ಕಿದ್ದೆ. ಬೇರೆ ಕುರಿಯವರೆಲ್ಲ ಕೆಳಗೆ ಹೊಲದಲ್ಲಿ ಇಳಿದುಕೊಂಡಿದ್ದಾರೆ, ನಾವು ಮಾತ್ರ ಹಾಳೂರು ದಿಬ್ಬದ ಮೇಲೆ, ನೀರು ನಿಲ್ಲಲ್ಲ, ಹುಣಸೆ ಮರದ ನೆರಳೂ ಐತೆ ಅಂತ ಎಷ್ಟು ಜಂಬ ಕೊಚ್ಚಿದ್ದೆ. ಅವರಿಗೇನು ನೆರಳು ಬೇಡವಾ ಮಗನೆ? ನಿನ್ನೊಬ್ಬನ ಕಣ್ಣಿಗೇ ಯಾಕೆ ಆ ಜಾಗ ಬಿತ್ತು? ಹಾಸುವ ಮೊದಲು ನೆಲ ಕೇಳು ಅಂತ ನಿಮ್ಮಪ್ಪ ಹೇಳುತ್ತಿದ್ದರು. ನೀನು ನನ್ನನ್ನು ಕೇಳಿದೆ, ನಾನು ಅಂಗಡಿಯವರನ್ನು ಕೇಳಿದೆ.

ಇರಲಿ, ಕಾಗದ ಉದ್ದವಾಯಿತು. ಕಾರ್ಪೆಟ್ ಹಾಸುವಾಗ ಹೂವು ಮೇಲೆ ಬರಲಿ, ಸ್ಪಂಜು ಕೆಳಗೆ. ಮಗುವನ್ನು ಯಾವತ್ತಿನ ಹಾಗೆ ನಿಮ್ಮಿಬ್ಬರ ನಡುವೆಯೇ ಮಲಗಿಸಿ, ಅಂಚಿಗೆ ಬೇಡ, ಥಂಡಿ. ಕುರಿಯವರಿಗೆಲ್ಲ ಕೇಳಿದೆ ಅಂತ ಹೇಳು. ನಮ್ಮ ಮನೆದೇವರು ನಿಮ್ಮನ್ನೂ ಮಂದೆಯನ್ನೂ ತಣ್ಣಗಿಟ್ಟಿರಲಿ. ಸಿಂಚನಳ ಎರಡೂ ಕೆನ್ನೆಗೆ ಈ ಅಜ್ಜಿಯ ಮುತ್ತು.

ನಿನ್ನ ಅವ್ವ,
ಓಬಕ್ಕ

ಮತ್ತೆ ಬರೆಯುತ್ತಿದ್ದೇನೆ. ಮೇಲೆ ಮಗುವನ್ನು ನಡುವೆ ಮಲಗಿಸಿ ಅಂತ ಬರೆದದ್ದನ್ನು ಹೊಡೆದುಹಾಕು. ದುರ್ಗೇಶ ಬಂದು ಹಾರನ್ ಹೊಡೆಯುತ್ತಿದ್ದಾನೆ. ಅವನಿಗಿಂತ ಮುಂಚೆ ಹಿಂದಿನ ಬೀದಿಯ ಓಬಳೇಶಪ್ಪ ಕಾರ್ಪೆಟ್ ನೋಡಲು ಬಂದ. ನಿಮ್ಮಪ್ಪನ ಜೊತೆ ಆ ಕಡೆಯೆಲ್ಲ ಕುರಿ ಕಾದವನು. ಎಲ್ಲಿ ಇಳಿದಿದ್ದಾರೆ ಅಂದ, ಹಾಳೂರು ದಿಬ್ಬ ಅಂದೆ. ಅವನು ಕೈಯಲ್ಲಿದ್ದ ಎಲೆ ಮಡಚುವುದನ್ನು ನಿಲ್ಲಿಸಿ, "ಅಲ್ಲಿ ಯಾರೂ ಮಂದೆ ನಿಲ್ಸಲ್ಲ ಕಣಕ್ಕ. ಮೊದ್ಲು ಊರಿದ್ದ ಜಾಗ ಅದು, ಮನೆ ಬಿದ್ದೋದ್ರೂ ಹಗೇವು ಹಂಗೇ ಇರ್ತಾವೆ" ಅಂದ. ನಾನು ಎದ್ದು ಹೋಗಿ ಆ ಕಂಬಳಿಯನ್ನು ನಡುಮನೆಯಲ್ಲಿ ಹಾಸಿ ನೋಡಿದೆ. ಹೊಟ್ಟೆ ಬಂದಿರುವುದು ದುಂಡಗೆ, ಒಬ್ಬ ಮನುಷ್ಯ ಇಳಿಯುವಷ್ಟೇ. ನೀವು ತುಂಬಿದ ಮಣ್ಣೆಲ್ಲ ಎಲ್ಲಿ ಹೋಯಿತು ಅಂತ ಈಗ ಗೊತ್ತಾಯಿತು. ಮಾರುತೇಶ, ನಿಮ್ಮ ಹಾಸಿಗೆಯ ಕೆಳಗೆ ನೆಲ ಇಲ್ಲ. ಇದನ್ನು ಓದುವಾಗ ನೀನು ಗುಡಾರದ ಒಳಗಿದ್ದರೆ ಮೊದಲು ಮಗುವನ್ನು ಎತ್ತಿಕೊಂಡು ಅಂಚಿನ ಗುಂಟ ಹೊರಗೆ ಬಾ, ಆಮೇಲೆ ಉಳಿದದ್ದು ಓದು. ಅಂಜಲಿ ನಿನ್ನ ಹಿಂದೆ ಒಬ್ಬಳೇ ಬರಲಿ, ಇಬ್ಬರೂ ಒಟ್ಟಿಗೆ ನಡುವೆ ನಿಲ್ಲಬೇಡಿ. ಪಾತ್ರೆ ಬಟ್ಟೆ ಅಲ್ಲೇ ಬಿಡಿ. ಮರಿ ಬಿದ್ದರೂ, ಏನೇ ಬಿದ್ದರೂ, ಯಾರೂ ಇಳಿಯಬೇಡಿ, ಒಳಗಿನ ಗಾಳಿ ಕೆಟ್ಟಿರುತ್ತದೆ, ನನ್ನ ಚಿಕ್ಕಪ್ಪ ಓಗೊಡಲಿಲ್ಲ. ದುರ್ಗೇಶನಿಗೆ ಬಾಯಲ್ಲೂ ಹೇಳಿದ್ದೇನೆ. ಗಾಡಿ ದಿಬ್ಬ ಹತ್ತುವುದಿಲ್ಲವಂತೆ, ನನ್ನ ಮಂಡಿಗೆ ಆ ಏರು ಆಗುವುದಿಲ್ಲ, ಅವನು ಕೆಳಗೆ ನಿಲ್ಲಿಸಿ ಓಡಿ ಬರುತ್ತಾನೆ. ದಾರಿಯಲ್ಲಿ ಚಹಾಕ್ಕೂ ನಿಲ್ಲಿಸಬೇಡ ಅಂತ ಆಣೆ ಹಾಕಿಸಿಕೊಂಡಿದ್ದೇನೆ. ತಲುಪಿದ ತಕ್ಷಣ ಅವನ ಫೋನಿನಿಂದ ಮಾತಾಡು, ಮಗುವಿನ ದನಿ ಕೇಳಿಸು, ಅಲ್ಲಿಯವರೆಗೆ ನಾನು ಬಾಗಿಲಲ್ಲೇ ಕೂತಿರುತ್ತೇನೆ. ಕಾರ್ಪೆಟ್ ಕಳಿಸಿಲ್ಲ. ಕೈಗೆ ಸಿಕ್ಕರೆ ನೀವು ಹಾಸಿಬಿಡುತ್ತೀರಿ.