ಚಿಲಕವಿಲ್ಲದ ಬಾಗಿಲಿಗೆ ನೂರಕ್ಕೆ ನೂರು

ಮಾನ್ಯ ಗುಣಮಟ್ಟ ಮಾಪನಾಧಿಕಾರಿಗಳೇ,

ನಮ್ಮ ಪ್ರವಾಹ ಪರಿಹಾರ ಶಿಬಿರದಲ್ಲಿ ಹೆಂಗಸರ ಶೌಚಾಲಯದ ಬಾಗಿಲುಗಳಿಗೆ ಚಿಲಕವಿಲ್ಲ. ಐದು ತಿಂಗಳಿಂದ ಇಲ್ಲ. ತಮ್ಮ ಕಚೇರಿ ಇದನ್ನು ದೂರೆಂದು ಒಪ್ಪದ ಕಾರಣ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಒಪ್ಪದಿರಲು ಕಾರಣ ತಮ್ಮದೇ ಮಾನದಂಡ. ಶಿಬಿರದಿಂದ ತಿಂಗಳಿಗೆ ನಲವತ್ತು ದೂರು ಬರಲೇಬೇಕು, ಇಲ್ಲದಿದ್ದರೆ ಜನ ಬಾಯಿ ಬಿಡುತ್ತಿಲ್ಲವೆಂದು ಅರ್ಥ. ಬಂದದ್ದೆಲ್ಲ ಮೂರು ದಿನದೊಳಗೆ ಬಗೆಹರಿಯಲೂಬೇಕು. ಎಷ್ಟು ಸೊಗಸು! ಆದರೆ ಚಿಲಕ ಮಂಜೂರಾಗಲು ಆರು ವಾರ ಬೇಕಂತೆ. ಹಾಗಾಗಿ ಅದು ದೂರಾಗಲು ಅನರ್ಹ. ತಿಂಗಳ ಕೊನೆಗೆ ಶಿಬಿರದ ಗುಮಾಸ್ತರು ಡೇರೆಯಿಂದ ಡೇರೆಗೆ ದೂರು ಬೇಡುತ್ತ ಬರುತ್ತಾರೆ.

"ಅಮ್ಮಾ, ಇನ್ನೂ ಹನ್ನೊಂದು ಕಮ್ಮಿ ಬಿದ್ದಿದೆ. ಏನಾದ್ರೂ ಹೇಳಿ."

"ಚಿಲಕ."

"ಅಯ್ಯೋ, ಅದೊಂದು ಬಿಟ್ಟು. ನೋಟಿಸ್ ಬೋರ್ಡು ಸೊಟ್ಟಗಿದೆ ಅನ್ನಿ."

"ನೆಟ್ಟಗೇ ಇದೆಯಲ್ಲಪ್ಪಾ."

"ನೀವು ಹೂಂ ಅನ್ನಿ, ಈಗ್ಲೇ ಸೊಟ್ಟ ಮಾಡಿ ಬರ್ತೀನಿ."

ಮಾಡಿಯೇ ಬಂದರು. ಆ ಬೋರ್ಡು ಈವರೆಗೆ ಐದು ಸಲ ಸೊಟ್ಟಗಾಗಿ ಐದು ಸಲ ನೆಟ್ಟಗಾಗಿದೆ. ಗುಮಾಸ್ತರನ್ನು ನಾನು ಬೈಯಲಾರೆ. ಅವರ ನೌಕರಿಯೂ ಆ ನಲವತ್ತರ ಮೇಲೆಯೇ ನಿಂತಿದೆ.

ಪಕ್ಕದ ಡೇರೆಯ ಬಡಗಿ ತನ್ನ ಪೆಟ್ಟಿಗೆಯಿಂದ ಚಿಲಕ ತೆಗೆದು ಒಂದು ಬಾಗಿಲಿಗೆ ಹಾಕಿಕೊಟ್ಟ. ಮರುದಿನವೇ ಕಿತ್ತರು. ಮಾನದಂಡದಂತೆ ಅದು ಒಂಬತ್ತು ಸೆಂಟಿಮೀಟರ್ ಇರಬೇಕಿತ್ತು, ಎಂಟೇ ಇತ್ತು. ಸ್ವಾಮಿ, ಒಂಬತ್ತರ ಜಾಗದಲ್ಲಿ ಎಂಟು ಸಾಲದು, ಸೊನ್ನೆ ಸಾಕೇ?

ಅಳತೆಯೇ ಬೇಡ ಎನ್ನುವವಳಲ್ಲ ನಾನು. ಇಪ್ಪತ್ತಾರು ವರ್ಷದ ಹಿಂದಿನ ಪ್ರವಾಹದಲ್ಲಿ ನಾನೂರು ಜನಕ್ಕೆ ಒಂದೇ ನಲ್ಲಿ ಇತ್ತು, ಕೇಳುವವರಿರಲಿಲ್ಲ. ಅಳೆಯಿರಿ. ಆದರೆ ಅಳತೆಗೋಲಿಗೇ ಅಂಗಿ ಹೊಲಿದು ಮೈಯನ್ನು ಬರಿದೇ ಬಿಟ್ಟರೆ ಹೇಗೆ?

ಅರವತ್ತೆಂಟರ ನನ್ನ ಅಕ್ಕ ಮಧ್ಯಾಹ್ನದ ಮೇಲೆ ನೀರು ಮುಟ್ಟುವುದಿಲ್ಲ. ಉರಿಮೂತ್ರವಾಗಿ ಎರಡು ಸಲ ಜ್ವರ ಬಂತು. "ನೀರು ಚೆನ್ನಾಗಿ ಕುಡೀಬೇಕು ಅಜ್ಜಿ" ಎಂದರು ಡಾಕ್ಟರು. "ಕುಡೀತೀನಪ್ಪಾ, ಬಾಗಿಲು ಹಿಡ್ಕೊಳ್ಳೋಕೆ ನೀವು ಬರ್ತೀರಾ?" ಎಂದಳು.

ಹಾಗಾಗಿ ನಾವೇ ಹೆಂಗಸರು ಸರದಿಯ ಮೇಲೆ ಬಾಗಿಲು ಹಿಡಿದು ನಿಲ್ಲುತ್ತೇವೆ. ಕಳೆದ ವಾರ ತಮ್ಮ ಪರಿಶೀಲನಾ ತಂಡ ಇದನ್ನು ಕಂಡು, ಮೆಚ್ಚಿ, ಬರೆದುಕೊಂಡಿತು: 'ಸಮುದಾಯದ ಸಹಭಾಗಿತ್ವ, ನೂರಕ್ಕೆ ನೂರು.' ಚಿಲಕ ಬಂದರೆ ಆ ಅಂಕ ಇಳಿದೀತೆಂದು ಈಗ ಗುಮಾಸ್ತರಿಗೆ ಹೊಸ ಭಯ!

ನನ್ನ ಬೇಡಿಕೆ ಇಷ್ಟೇ. ನಮ್ಮ ದೂರನ್ನು ದೂರೆಂದು ದಾಖಲಿಸಿ. ಮೂರು ದಿನದಲ್ಲಿ ಆಗದಿದ್ದರೆ 'ಆಗಿಲ್ಲ' ಎಂದೇ ಬರೆಯಿರಿ, ಆಮೇಲೆ ಚಿಲಕ ಹಾಕಿಸಿ. ಅಂಕ ಇಳಿದರೆ ಕಚೇರಿಗೆ ಜ್ವರ ಬರುವುದಿಲ್ಲ.

ಇಂತಿ,
ಸಂಜೆ ಐದರಿಂದ ಏಳರವರೆಗಿನ ಚಿಲಕ