ಹಗಲು ಸಾಲದ ಊರು

ಜನವರಿ ೧೨, ಸೋಮವಾರ, ಬೆಳಗ್ಗೆ ಎಂಟು

ಸ್ನಾನವಾಯಿತು. ಸಾಮಾಯಿಕದ ಧ್ಯಾನವೂ ಆಯಿತು. ಸೂರ್ಯ ಮಾತ್ರ ಏಳಲಿಲ್ಲ. ಅವಲಕ್ಕಿ ಕಲಸಿಟ್ಟು ಕಿಟಕಿಗೆ ಕಾವಲು ಕುಳಿತಿದ್ದೇನೆ. ರಾತ್ರಿಭೋಜನ ತ್ಯಜಿಸಿದವಳಿಗೆ ಸೂರ್ಯನಿಲ್ಲದೆ ಹನಿ ನೀರೂ ವರ್ಜ್ಯ. ಈ ಉತ್ತರ ದೇಶದ ಚಳಿಗಾಲದವನೋ ಕಚೇರಿಯ ಗುಮಾಸ್ತನಂತೆ ಒಂಬತ್ತಕ್ಕೆ ಬಂದು ನಾಲ್ಕಕ್ಕೆ ಹೊರಡುತ್ತಾನೆ. ನನ್ನ ತರಬೇತಿಯೂ ಒಂಬತ್ತರಿಂದ ನಾಲ್ಕು!

ಅರವತ್ತೇಳನೆಯ ವಯಸ್ಸಿನಲ್ಲಿ ವಿದ್ಯಾರ್ಥಿನಿಯಾಗಿ ಕಡಲು ದಾಟಿದ್ದು ತಾಳೆಗರಿಯ ಒಂದು ಓಲೆಕಟ್ಟಿಗಾಗಿ. ಜೈನ ಗೃಹಸ್ಥರ ಆಚಾರ ಕುರಿತ ಹಳಗನ್ನಡ ವ್ಯಾಖ್ಯಾನ. ಉಳಿದಿರುವ ಏಕೈಕ ಪ್ರತಿ ಇಲ್ಲಿಯ ಗ್ರಂಥಾಲಯದಲ್ಲಿದೆ. ಹಸ್ತಪ್ರತಿ ಬಳಕೆಯ ಈ ವಾರದ ತರಬೇತಿ ತಪ್ಪಿದರೆ ಓಲೆ ಮುಟ್ಟಗೊಡರು.

ಅದೇ ದಿನ, ಸಂಜೆ

ತರಬೇತಿಯ ನಡುವೆ ಕಾಲು ಗಂಟೆ ಬಿಡುವು. ಅವಲಕ್ಕಿಯ ಡಬ್ಬಿ ಗ್ರಂಥಾಲಯದ ನೆಲಮಾಳಿಗೆಯ ಲಾಕರಿನಲ್ಲಿ. ಕೀಲಿ ತಿರುಗಿಸಿದೆ, ಎಳೆದೆ, ಪಂಚನಮಸ್ಕಾರ ಮಂತ್ರವನ್ನೂ ಹೇಳಿದೆ... ಲಾಕರು ಬಾಯಿ ಬಿಡಲಿಲ್ಲ. ಹೊರಬಿದ್ದಾಗ ಬೀದಿದೀಪ ಉರಿಯುತ್ತಿತ್ತು. ಉಪವಾಸ.

ಪಕ್ಕದ ಕೋಣೆಯ ಹುಡುಗಿ ನಮ್ಮ ಕಡೆಯವಳೇ. ಅನ್ನದ ತಟ್ಟೆ ಹಿಡಿದು ಬಂದಳು.

"ಎರಡು ತುತ್ತು ತಿನ್ನಿ ಅಜ್ಜಿ. ಇಷ್ಟೊಂದು ಲೈಟ್ ಇದೆಯಲ್ಲ."

"ಲೈಟು ಸೂರ್ಯ ಅಲ್ಲಮ್ಮ. ಕತ್ತಲಲ್ಲಿ ಹುಳಹುಪ್ಪಟೆ ಅನ್ನಕ್ಕೆ ಬಿದ್ದು ಸಾಯ್ತವೆ ಅಂತಲೇ ಈ ವ್ರತ."

"ಈ ಚಳೀಲಿ ಹುಳಾನಾ? ಒಂದೇ ಒಂದು ತೋರಿಸಿ, ಅವತ್ತು ನಾನೂ ಉಪವಾಸ."

ಬಾಗಿಲು ಹಾಕಿಕೊಂಡೆ. ಹಸಿವಿಗಿಂತ ಆ ಮಾತೇ ಹೆಚ್ಚು ಸುಟ್ಟಿತು.

ಜನವರಿ ೧೩, ಮಂಗಳವಾರ

ಲಾಕರು ತೆರೆಯಿತು. ಡಬ್ಬಿಯ ಮುಚ್ಚಳ ತೆರೆಯಲಿಲ್ಲ. ಮತ್ತೆ ಉಪವಾಸ.

ಇಂದಿನ ಪಾಠ: ಓಲೆಯಲ್ಲಿ ಜೀವಂತ ಹುಳು ಕಂಡರೆ ಒಡನೆ ಗಂಟೆ ಒತ್ತಬೇಕು. ಕಟ್ಟನ್ನು ಶೀತಪೆಟ್ಟಿಗೆಯಲ್ಲಿಟ್ಟು ಹುಳುಗಳನ್ನು ಕೊಲ್ಲುತ್ತಾರೆ. ಬಳಿಕ ದುರಸ್ತಿ, ಆರು ತಿಂಗಳು ಯಾರಿಗೂ ಕೊಡರು. 

ಸೊಸೆಯ ಫೋನು. "ವ್ರತ ಸ್ವಲ್ಪ ಸಡಿಲ ಮಾಡ್ಕೊಳ್ಳಿ ಅತ್ತೆ. ಅಲ್ಲಿ ಬಿದ್ದರೆ ಎತ್ತೋರು ಯಾರು?"

"ಸಡಿಲ ಮಾಡೋಕೆ ಅದೇನು ರವಿಕೆನಾ?" ಎಂದು ಫೋನಿಟ್ಟೆ.

ಜನವರಿ ೧೫, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಮೂರನೆಯ ದಿನದ ಉಪವಾಸ; ತರಬೇತಿಯ ಕೊನೆಗೆ ಕಣ್ಣು ಕತ್ತಲಿಟ್ಟು ಹಣೆ ಮೇಜಿಗೆ ತಾಗಿತು. ಗ್ರಂಥಪಾಲಕಿ ನೀರು ತಂದಳು. ನಾಲ್ಕು ದಾಟಿತ್ತು; ಕುಡಿಯಲಿಲ್ಲ.

"ನೀವು ಬಿದ್ದರೆ ಎಬ್ಬಿಸಬಹುದು. ಓಲೆ ಮುರಿದರೆ ಏನು ಮಾಡಲಿ? ಇನ್ನೊಮ್ಮೆ ಹೀಗಾದರೆ ಕೊಡಲಾರೆ" ಎಂದಳು. ನ್ಯಾಯವಾದ ಮಾತು. ಅದಕ್ಕೇ ಇನ್ನಷ್ಟು ಸಿಟ್ಟು.

ಇಂದು ಬಾಗಿಲ ಕಾವಲುಗಾರ ಕನಿಕರಿಸಿ ಡಬ್ಬಿಯನ್ನು ತನ್ನ ಮೇಜಿನ ಮೇಲೇ ಇಟ್ಟುಕೊಂಡ. ಬಿಡುವಿನಲ್ಲಿ ನಿಂತೇ ಉಂಡೆ. ವ್ರತವೂ ಉಳಿಯಿತು, ವಿದ್ಯೆಯೂ.

ಜನವರಿ ೧೬, ಶುಕ್ರವಾರ, ಸಂಜೆ

ಮೂರಕ್ಕೆ ಕಟ್ಟು ಕೈಗೆ ಬಂತು. ದಾರ ಬಿಚ್ಚಿದೆ. ಮೊದಲ ಗರಿ... ಕಣ್ಣು ತುಂಬಿತು. ಮೂರನೆಯ ಗರಿಯ ಅಂಚಿನಲ್ಲಿ ಎಳ್ಳಿನಷ್ಟು ಕಂದು ಚುಕ್ಕೆ. ಚುಕ್ಕೆ ನಡೆಯಿತು.

ಗಂಟೆ ಕೈಗೆಟಕುವಂತಿತ್ತು. ಒತ್ತಲಿಲ್ಲ. ಕಾಗದದ ಚೂರಿಗೆ ಹುಳುವನ್ನು ಹತ್ತಿಸಿಕೊಂಡು ಹೊರಗೆ ತಂದೆ; ಖಾಲಿ ಡಬ್ಬಿಗೆ ಬಿಟ್ಟೆ.

ಕೋಣೆಗೆ ಬಂದು ಮುಚ್ಚಳ ತೆಗೆದು, ಊಟಕ್ಕೆ ಕುಳಿತಿದ್ದ ಹುಡುಗಿಗೆ ತೋರಿಸಿದೆ. ಅವಳು ನಗಲಿಲ್ಲ. ತಟ್ಟೆ ಅತ್ತ ಸರಿಸಿದಳು.

"ಮಾತು ಅಂದ್ರೆ ಮಾತೇ. ಆದ್ರೆ ಅಜ್ಜಿ, ಇದೊಂದೇ ಇತ್ತಾ?"

ದಾರಿಯುದ್ದಕ್ಕೂ ಆ ಪ್ರಶ್ನೆಗೆ ಮುಖ ತಪ್ಪಿಸಿಯೇ ಬಂದಿದ್ದೆ. ಗರಿಗಳಲ್ಲಿ ಹೊಸ ತೂತುಗಳಿದ್ದವು. ಒಂದು ಹುಳು ಅಷ್ಟು ತಿನ್ನದು. ಹೇಳಿದರೆ ಅಷ್ಟೂ ಜೀವಗಳು ನನ್ನ ನಾಲಗೆಯಿಂದ ಹೋಗುತ್ತವೆ. ಕಟ್ಟೂ ಸಿಗದು, ವೀಸಾ ಮೇ ತಿಂಗಳಿಗೆ ಮುಗಿಯುತ್ತದೆ. ಹೇಳದಿದ್ದರೆ ಜೀವದಯೆ ಬೋಧಿಸುವ ಗ್ರಂಥವೇ ಉಳಿಯದು.

ಜನವರಿ ೧೭, ಶನಿವಾರ, ಬೆಳಗ್ಗೆ ಒಂಬತ್ತೂಕಾಲು

ಸೂರ್ಯ ಬಂದ. ಗ್ರಂಥಾಲಯಕ್ಕೆ ಫೋನು ಮಾಡಿ ಹುಳು, ತೂತು ಎಲ್ಲವನ್ನೂ ಹೇಳಿದೆ.  ಗ್ರಂಥಪಾಲಕಿ ಕೇಳಿದ್ದು ಒಂದೇ:

"ಆ ಹುಳು ಎಲ್ಲಿ? ಪರೀಕ್ಷೆಗೆ ಬೇಕು, ತನ್ನಿ."

ಸತ್ಯವೂ ವ್ರತವೇ. ಡಬ್ಬಿಯೊಳಗೆ ನೋಡಿದೆ. ತಳಕ್ಕಂಟಿದ ಅವಲಕ್ಕಿಯ ಚೂರನ್ನು ಹಿಡಿದು ಕುಳಿತಿತ್ತು.

"ತರಲಾರೆ" ಎಂದೆ.

"ಯಾಕೆ?"

"ಊಟ ಮಾಡುತ್ತಿದೆ."

ಬಾಗಿಲು ತಟ್ಟುತ್ತಿದ್ದಾರೆ. ಹುಡುಗಿಯೇ ಇರಬೇಕು, ನಿನ್ನೆಯಿಂದ ಬರಿಹೊಟ್ಟೆ. ಅವಳಿಗೂ ಒಂದು ಹಿಡಿ ಅವಲಕ್ಕಿ ಕಲಸಬೇಕು.