ಜಾಡಿಗೆ ಕಿವಿಯಿಟ್ಟವಳಿಗೆ

ಗುರುವಾರ, ಮಧ್ಯಾಹ್ನ ಎರಡು ನಲವತ್ತು
(ಮೂರನೇ ನಂಬರಿನ ಬಸ್ಸು ಈಗಷ್ಟೇ ತಿರುವು ದಾಟಿತು. ನಾಲ್ಕು ನಿಮಿಷ ತಡ.)

ನನ್ನ ಕಿವಿಯೊಡತಿಗೆ,

ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ಊಟದ ಮೇಲಿನ ತೂಕಡಿಕೆಯನ್ನು ಬದಿಗಿಟ್ಟು ಒಪ್ಪಿಕೊಳ್ಳುತ್ತಿದ್ದೇನೆ: ನಾನು ಕಳ್ಳ. ಬಸ್ ಕಂಪನಿಯ ವೇಳಾಪಟ್ಟಿ ವಿಭಾಗದಿಂದ ಹದಿನಾರು ವರ್ಷದಲ್ಲಿ ಒಂದು ಪೆನ್ಸಿಲನ್ನೂ ಮನೆಗೆ ತಾರದ ನಾನು, ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ, ಬೀದಿಯೆಲ್ಲ ಹೊದ್ದು ಮಲಗಿದ್ದಾಗ, ಬರಿಗಾಲಲ್ಲಿ ತಾರಸಿ ಹತ್ತಿ, ಈ ಕಟ್ಟಡದ ಸಮಸ್ತ ನಿವಾಸಿಗಳ ಜಂಟಿ ಆಸ್ತಿಯಾದ ಒಂದು ಕೆಂಪು ಮಣ್ಣಿನ ಬಿಲ್ಲೆಯನ್ನು ಕಿತ್ತು, ಟವೆಲಿನಲ್ಲಿ ಸುತ್ತಿ, ಹಸುಗೂಸಿನ ಹಾಗೆ ಎದೆಗವಚಿಕೊಂಡು ಇಳಿದು ಬಂದೆ.

ಯಾವ ಬಿಲ್ಲೆ ಎಂದು ಕೇಳುತ್ತೀಯ. ಬಾಗಿಲಿನಿಂದ ಮೂರನೆಯದು. ಕಾಲಿಟ್ಟರೆ ಟಕ್ ಎನ್ನುತ್ತಿದ್ದದ್ದು. ಆರು ವರ್ಷದಿಂದ ಸರಿಮಾಡು, ಸರಿಮಾಡು ಎಂದು ನೀನು ನನ್ನ ಬೆನ್ನು ಹತ್ತಿದ್ದದ್ದು. ನೋಡು, ಕೊನೆಗೂ ಅದಕ್ಕೊಂದು ಗತಿ ಕಾಣಿಸಿದೆ. ಈಗ ಅದು ಅಲುಗುವುದಿಲ್ಲ. ಯಾಕೆಂದರೆ ಅದು ಅಲ್ಲಿಲ್ಲ. ನಮ್ಮ ಓವನ್ನಿನ ಹೊಟ್ಟೆಯಲ್ಲಿ, ತಗಡಿನ ತಟ್ಟೆ ಇರುತ್ತಿದ್ದ ಜಾಗದಲ್ಲಿ, ಕೆಂಪಗೆ ಕಾದು ಕೂತಿದೆ. ತಗಡಿನ ಮೇಲೆ ಪಿಜ್ಜಾದ ತಳ ಬೆವರುತ್ತದೆ, ಕಲ್ಲಿನ ಮೇಲೆ ನಗುತ್ತದೆ ಅಂತ ನೀನೇ ಹೇಳುತ್ತಿದ್ದೆಯಲ್ಲ? ಆಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿನವರ ಕಿವಿಯನ್ನೆಲ್ಲ ಪರೀಕ್ಷೆ ಮಾಡಿ ಯಂತ್ರ ಕೂರಿಸುವ ನೀನು, ಮನೆಯ ಕಿವುಡನನ್ನು ಹನ್ನೊಂದು ವರ್ಷ ಬಿಟ್ಟಿಯಾಗಿ ಸಹಿಸಿಕೊಂಡೆ.

ಬಟ್ಟೆ ಒಣಹಾಕಲು ಬಂದ ಕೆಳಮನೆ ಅತ್ತೆ ಗುಂಡಿ ನೋಡಿ, ಯಾವನೋ ಪುಣ್ಯಾತ್ಮ ಟಕ್ ಅನ್ನೋದನ್ನೇ ಕದ್ದುಕೊಂಡು ಹೋಗಿದ್ದಾನಲ್ಲಪ್ಪಾ, ಇನ್ನು ಯಾರು ಬಂದರು ಅಂತ ಗೊತ್ತಾಗೋದು ಹೇಗೆ ಅಂದರು. ನಾನು ಆಕಾಶ ನೋಡಿದೆ. ಆಕಾಶವೂ ನನ್ನನ್ನು ಗುರುತಿಲ್ಲದವರ ಹಾಗೆ ನೋಡಿತು.

ನಿನ್ನ ಕಾರ್ಡು ಸೋಮವಾರ ಬಂತು. ನೀನು ಬರೆದದ್ದು ನಾಲ್ಕೇ ಸಾಲು: ಆ ಊರಿನ ಆಸ್ಪತ್ರೆಯವರು ಆರು ತಿಂಗಳ ಕೆಲಸವನ್ನು ಖಾಯಂ ಮಾಡುತ್ತೇವೆ ಅಂದಿದ್ದಾರೆ. ಬರುವ ಸೋಮವಾರದೊಳಗೆ ಉತ್ತರ ಕೊಡಬೇಕು. ಭಾನುವಾರ ಬಂದು ನನ್ನ ಪುಸ್ತಕ ಒಯ್ಯುತ್ತೇನೆ. ಜಾಡಿ ಬದುಕಿದ್ದರೆ ಅದನ್ನೂ. ಬೇರೆ ಯಾವ ಸಾಲಿಗಿಂತ ಕೊನೆಯದನ್ನು ಹೆಚ್ಚು ಸಲ ಓದಿದೆ. ಗಂಡ ಬದುಕಿದ್ದರೆ ಅಂತ ಎಲ್ಲೂ ಬರೆದಿರಲಿಲ್ಲ. ಹಿಂದೆ ತಿರುಗಿಸಿ ನೋಡಿದೆ; ಅಲ್ಲಿ ವಿಳಾಸವಿತ್ತು.

ಬದುಕಿದೆ, ಮಹಾತಾಯಿ. ಜಾಡಿ ಬದುಕಿದೆ. ಉಬ್ಬಿದೆ, ಹಬ್ಬಿದೆ, ನಿನ್ನ ಹುಬ್ಬು ಏರುವಷ್ಟು ಚೆನ್ನಾಗಿದೆ. ಮದುವೆಯಾದ ವರ್ಷ ನೀನು ಬರೀ ಹಿಟ್ಟು ನೀರು ಕಲಸಿ, ಕಿಟಕಿಯ ಪಕ್ಕ ಸುಮ್ಮನಿಟ್ಟು, ಗಾಳಿಯೇ ಬಂದು ಹುಳಿಹಿಡಿಸಲಿ ಎಂದು ಒಂಬತ್ತು ದಿನ ಕಾದು ಹುಟ್ಟಿಸಿದ ಆ ಹುಳಿಹಿಟ್ಟಿಗೆ ಐದು ತಿಂಗಳಿಂದ ಒಂದು ದಿನವೂ ತಪ್ಪದೆ, ಬೆಳಗ್ಗೆ ಆರು ಹದಿನೈದಕ್ಕೆ, ಮೊದಲ ಬಸ್ಸು ಡಿಪೋ ಬಿಡುವ ಹೊತ್ತಿಗೆ ಸರಿಯಾಗಿ, ಒಂದು ಚಮಚ ಹಿಟ್ಟು ಒಂದು ಚಮಚ ನೀರು ಉಣಿಸಿದ್ದೇನೆ. ಇದು ಜಂಬವಲ್ಲ, ವೇಳಾಪಟ್ಟಿ. ಬೇಕಿದ್ದರೆ ಗೋಡೆಗೆ ಅಂಟಿಸಿದ್ದೇನೆ, ಬಂದು ನೋಡು. ಮೊದಲ ಎರಡು ತಿಂಗಳು ಜಾಡಿ ಸ್ವಲ್ಪ ಮೌನವಾಗಿತ್ತು, ನಿಜ. ನಾನೂ ಹಾಗೇ ಇದ್ದೆ.

ಆ ಶನಿವಾರದ ವಿಷಯ ಬರೆಯದೆ ಪಿಜ್ಜಾದ ವಿಷಯ ಬರೆಯಲಾಗುವುದಿಲ್ಲ. ನೀನು ಗುರುವಾರವೇ ಹಿಟ್ಟು ನಾದಿಟ್ಟಿದ್ದೆ. ಎರಡು ದಿನ ಮುಚ್ಚಿಡಬೇಕು, ಯಾರೂ ಮುಟ್ಟಬಾರದು, ಶನಿವಾರ ಸಂಜೆ ನಿನಗೊಂದು ವಿಷಯ ಹೇಳೋದಿದೆ ಅಂದಿದ್ದೆ. ನಾನು ಶುಕ್ರವಾರ ಮೂರು ಸಲ ಬಟ್ಟೆ ಸರಿಸಿ ಇಣುಕಿದೆ. ಶನಿವಾರ ಮಧ್ಯಾಹ್ನ, ಇನ್ನೂ ನಾಲ್ಕು ಗಂಟೆ ಕಾಯಬೇಕು ಅಂದಾಗ, ಚಪ್ಪಲಿ ಮೆಟ್ಟಿ ತಿರುವಿನ ಅಂಗಡಿಗೆ ನಡೆದೆ. ಅಲ್ಲಿ ಒಲೆಯಣ್ಣ ಇದ್ದಾನೆ. ಒಲೆಯ ಮುಂದೆ ನಿಂತೂ ನಿಂತೂ ಮುಖ ಒಲೆಯ ಬಣ್ಣಕ್ಕೇ ತಿರುಗಿದ ಅವನಿಗೆ ಆ ಹೆಸರಿಟ್ಟವಳೂ ನೀನೇ. ಎಂಟು ನಿಮಿಷ. ಬಿಸಿ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ತಂದು, ನಿನ್ನ ಹಿಟ್ಟಿನ ಪಾತ್ರೆಯ ಮೇಲೇ ಇಟ್ಟು, ಕಾಲೇಜಿನ ಚರ್ಚಾಕೂಟದಲ್ಲಿ ಬಹುಮಾನ ಪಡೆದ ಅದೇ ಗಂಟಲಿನಲ್ಲಿ ಭಾಷಣ ಮಾಡಿದೆ. ಮಾನ್ಯ ಸಭಿಕರೇ, ಮನೆಯಲ್ಲಿ ಮಾಡಿದರೆ ಎರಡು ದಿನ, ಅಂಗಡಿಯಲ್ಲಿ ಎಂಟು ನಿಮಿಷ. ಮನೆಯದು ಜಗಿದರೆ ದವಡೆಗೆ ವ್ಯಾಯಾಮ, ಅಂಗಡಿಯದು ಬಾಯಲ್ಲಿಟ್ಟರೆ ಮೋಡ. ಇವಳ ಹಿಟ್ಟು ಏಳುವುದರೊಳಗೆ ನಾನು ಏಳು ಜನ್ಮ ಎತ್ತಿ ಬಂದಿರುತ್ತೇನೆ. ಸಭಿಕಳು ಒಬ್ಬಳೇ. ಅವಳು ನಗಲಿಲ್ಲ. ಒಂದು ತುಂಡೂ ಮುಟ್ಟಲಿಲ್ಲ. ನಿನಗೆ ಕಾಯೋಕೆ ಬರಲ್ಲ ಅಂದಳು, ಅಷ್ಟೇ. ಹೇಳಬೇಕೆಂದಿದ್ದ ವಿಷಯ ಆ ಊರಿನ ಕೆಲಸದ್ದು, ಹೋಗಲೋ ಬೇಡವೋ ಎಂದು ನನ್ನನ್ನು ಕೇಳಬೇಕೆಂದಿದ್ದೆ ಎನ್ನುವುದು ನನಗೆ ಗೊತ್ತಾಗಿದ್ದು ಸೋಮವಾರ, ನೀನು ಪೆಟ್ಟಿಗೆ ಮುಚ್ಚುವಾಗ.

ನೀನು ಹೋಗಿ ಅದೇ ಊರಿನಲ್ಲಿರುವ ತಂಗಿಯ ಮನೆ ಸೇರಿದೆ. ನಾದಿನಿ ಫೋನಿನಲ್ಲಿ, ಭಾವ, ಅಕ್ಕ ಇಲ್ಲಿ ದಿನಕ್ಕೆರಡು ಸಲ ನಗ್ತಾಳೆ, ಅಲ್ಲಿ ಎಷ್ಟು ಸಲ ನಗ್ತಿದ್ದಳು ಅಂತ ಕೇಳಿದಳು. ನಾದುವವಳು ದೂರಾದ ಮೇಲೆ ನಾದಿನಿಯ ಬಾಯಿಗೆ ಸಿಕ್ಕುವುದು ನನ್ನ ಹಣೆಬರಹ. ನಗುವನ್ನು ನಾನು ಎಣಿಸಿರಲಿಲ್ಲ. ಬಸ್ಸುಗಳನ್ನಾದರೆ ಎಣಿಸಿ ಇಟ್ಟಿದ್ದೆ.

ಆಮೇಲೆ ನಾನೇ ನಾದಲು ಕಲಿತೆ. ಮೊದಲನೆಯ ಪಿಜ್ಜಾ ಯಾವುದೋ ದ್ವೀಪರಾಷ್ಟ್ರದ ನಕ್ಷೆಯಂತಿತ್ತು, ಬಂದರು ಸಹಿತ. ಎರಡನೆಯದನ್ನು ಬಸ್ಸಿನ ಹೆಚ್ಚುವರಿ ಚಕ್ರವಾಗಿ ಬಳಸಬಹುದಿತ್ತು. ಮೂರನೆಯದನ್ನು ಕೆಳಮನೆ ಅತ್ತೆಗೆ ಕೊಟ್ಟೆ. ಅವರು ತುಂಬ ಹೊತ್ತು ಅಗಿದು, ಚೆನ್ನಾಗಿದೆ ಕಣಪ್ಪಾ, ಆದರೆ ನನ್ನ ಹಲ್ಲು ಇದಕ್ಕೆ ಹೊಸದು ಅಂದರು. ನಾಲ್ಕನೆಯದರ ಹೊತ್ತಿಗೆ ಎಡಮೂಲೆ ಕರಕಾಗುವುದು ಓವನ್ನಿನ ಹುಟ್ಟುಗುಣ, ನಡುವೆ ಒಮ್ಮೆ ತಿರುಗಿಸಿಡಬೇಕು ಎಂದು ತಿಳಿಯಿತು. ಇದನ್ನೂ ನೀನು ಹೇಳಿದ್ದೆ.

ಆದರೆ ನಾನು ನಿಜವಾಗಿ ಕಲಿತದ್ದು ಬೇರೆ. ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ಬರುವ ಬಿಸಿಲು ಮೇಜಿನ ಅಂಚಿನಿಂದ ಹೊರಟು ಹಿಟ್ಟಿನ ಪಾತ್ರೆ ತಲುಪಲು ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ. ಯಾವ ವೇಳಾಪಟ್ಟಿಯಲ್ಲೂ ಇಲ್ಲದ ಪ್ರಯಾಣ ಅದು. ಬಿಸಿಲಿನ ಜೊತೆ ಹಿಟ್ಟಿನ ಧೂಳು ಮೇಲೆ ಕೆಳಗೆ ತೇಲುತ್ತದೆ, ಎಲ್ಲಿ ಇಳಿಯಬೇಕೆಂದು ಮರೆತವರ ಹಾಗೆ. ಮೊನ್ನೆ ಮಂಗಳವಾರ ಅರ್ಧ ದಿನ ರಜೆ ಹಾಕಿ ಅದನ್ನೇ ನೋಡುತ್ತ ಕೂತಿದ್ದೆ. ನೀನು ಬೆಳಗ್ಗೆ ಜಾಡಿಯ ಮುಚ್ಚಳ ಸರಿಸಿ, ಕಿವಿಯಿಟ್ಟು, ಕಣ್ಣು ಮುಚ್ಚಿ, ಉಸಿರಾಡ್ತಿದೆ ಅನ್ನುತ್ತಿದ್ದೆಯಲ್ಲ, ಹಾಗೆ ನಾನೂ ಕಿವಿಯಿಟ್ಟೆ. ಮೊದಲು ಏನೂ ಕೇಳಲಿಲ್ಲ. ಕೇಳುವುದನ್ನು ನಿಲ್ಲಿಸಿದ ಮೇಲೆ ಕೇಳಿತು. ಗುಳ್ಳೆಯೊಂದು ಒಡೆಯುವ ಸದ್ದು. ನಿದ್ದೆಯಲ್ಲಿರುವ ಯಾರೋ ತುಟಿ ಬಿಡಿಸಿದ ಹಾಗೆ. ಅಲ್ಲೇ ನಿದ್ದೆ ಬಂತು.

ಕನಸಿನಲ್ಲಿ ನಮ್ಮ ಡಿಪೋದ ಬಸ್ಸುಗಳೆಲ್ಲ ಹಿಟ್ಟಿನ ಹಾಗೆ ಉಬ್ಬಿ, ಹಗುರಾಗಿ, ಒಂದೊಂದೇ ನೆಲ ಬಿಟ್ಟು ಏಳುತ್ತಿದ್ದವು. ಮಾಡುಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಮೆಲ್ಲಗೆ ತೇಲುತ್ತಿದ್ದವು. ಯಾರೂ ಗಂಟೆ ಕೇಳುತ್ತಿರಲಿಲ್ಲ. ನೀನು ನಿಲ್ದಾಣದಲ್ಲಿ ಪುಸ್ತಕ ಹಿಡಿದು ನಿಂತಿದ್ದೆ. ನಾನು ಕಿಟಕಿಯಿಂದ ಬಾಗಿ ಹತ್ತು ಅಂದರೆ, ಮುಂದಿನದರಲ್ಲಿ ಬರ್ತೀನಿ, ಕಾಯ್ತೀಯಾ ಅಂದೆ ನೀನು. ಕಾಯ್ತೀನಿ ಅಂತ ಹೇಳುವಷ್ಟರಲ್ಲಿ ಎಚ್ಚರವಾಯಿತು. ಕಿವಿಯ ತುಂಬ ಹಿಟ್ಟು. ಹಾಗೇ ಸಂಜೆಯ ಬಸ್ಸುಗಳ ಪಟ್ಟಿ ನೋಡಲು ಆಫೀಸಿಗೆ ಹೋದೆ. ಮೇಲಧಿಕಾರಿ ನೋಡಿ, ಏನ್ರೀ, ಕಿವೀಲಿ ಬೇಕರಿ ಇಟ್ಟಿದೀರಾ ಅಂದರು.

ಅದೇ ಹಿಟ್ಟಿನಿಂದ ನಿನ್ನೆ ಸಂಜೆ ಒಂದು ಪಿಜ್ಜಾ ಮಾಡಿದೆ. ಏನು ಹೇಳಲಿ. ಕದ್ದ ಬಿಲ್ಲೆಯ ಮೇಲೆ ಅದು ಅಂಚು ಎತ್ತಿಕೊಂಡು ಕೂತ ರೀತಿ, ಟೊಮೇಟೊ ಕುದಿದು ಬೆಣ್ಣೆಬಣ್ಣದ ಚೀಸಿನ ಮಧ್ಯೆ ಹೊಳೆದ ರೀತಿ, ಕತ್ತರಿಸಿದಾಗ ಆದ ಕರಕರ ಸದ್ದು! ಸಭಿಕರ ಮುಂದೆ ನನ್ನ ಹಳೆಯ ವಾದವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ: ಮನೆಯದೇ ಮೇಲು. ನನ್ನ ಕೈ, ನಿನ್ನ ಹಿಟ್ಟು, ಒಲೆಯಣ್ಣನನ್ನು ಮೀರಿಸಿಬಿಟ್ಟಿದ್ದೇವೆ. ಅವನ ಮೋಡ ಈಗ ನಮ್ಮ ಅಡುಗೆಮನೆಯಲ್ಲಿ ಕಟ್ಟುತ್ತದೆ.

ಇವತ್ತು ಗುರುವಾರ. ಬೆಳಗ್ಗೆ ನಾದಿ ಮುಚ್ಚಿಟ್ಟಿದ್ದೇನೆ. ಭಾನುವಾರ ಮಧ್ಯಾಹ್ನಕ್ಕೆ ಮೂರು ದಿನ ತುಂಬುತ್ತದೆ. ನಿನಗಿಂತ ಒಂದು ದಿನ ಹೆಚ್ಚು. ಒಮ್ಮೆಯೂ ಬಟ್ಟೆ ಸರಿಸಿಲ್ಲ. ಪುಸ್ತಕ ಕಟ್ಟಿಡುವುದಿಲ್ಲ; ಅಷ್ಟು ಒಳ್ಳೆಯವನಲ್ಲ ನಾನು. ನೀನೇ ಬಂದು ಒಂದೊಂದಾಗಿ ಆರಿಸಿಕೋ, ನಿಧಾನವಾಗಿ. ಊಟ ಮಾಡಿ ಹೋಗು. ಹೋಗುವುದಾದರೆ.

ಈ ಸಲ ಕಾಯಲು ಕಲಿತಿರುವ,
ನಿನ್ನ ವೇಳಾಪಟ್ಟಿ

ತಾ.ಕ. ಅದೇ ಗುರುವಾರ, ನಾಲ್ಕು ಹತ್ತು. ಒಲೆಯಣ್ಣನ ಅಂಗಡಿಯ ಕಲ್ಲುಮೇಜು.

ಈ ಹಾಳೆಯ ಎಣ್ಣೆಕಲೆಗೆ ಕ್ಷಮೆಯಿರಲಿ. ಪಿಜ್ಜಾ ಡಬ್ಬಿಯೊಳಗೆ ಹಾಸುವ ಕಾಗದ ಇದು, ಪೆನ್ಸಿಲೂ ಇವನದೇ. ಲಕೋಟೆ ಅಂಟಿಸಿ ಅಂಚೆಡಬ್ಬಿಗೆ ಹೊರಟವನು ಸುಮ್ಮನೆ ಹೋಗಬಾರದಿತ್ತೇ? ಅಂಗಡಿಯ ಬಾಗಿಲಲ್ಲಿ ನಿಂತು, ಅಣ್ಣಾ, ಇನ್ನು ಬೀಗ ಹಾಕ್ಕೊಂಡು ಮನೆಗೆ ಹೋಗು, ನನ್ನ ಹೆಂಡತಿಯ ಹಿಟ್ಟು ನಿನ್ನದನ್ನ ಮೀರಿಸ್ತು ಅಂದೆ.

ಅವನು ಒಲೆಗೆ ಬೆನ್ನು ಹಾಕಿ ನಕ್ಕ ನಗುವಿಗೆ ಅವನ ಕಣ್ಣಲ್ಲೇ ನೀರು ಬಂತು. ಸ್ವಾಮಿ, ಮೂರು ತಿಂಗಳ ಹಿಂದೆ ಲೋಟ ಹಿಡ್ಕೊಂಡು ಬಂದು, ಒಂದು ಚಮಚ ಹುಳಿಹಿಟ್ಟು ಕೊಡಣ್ಣಾ, ಯಾರಿಗೂ ಹೇಳಬೇಡ ಅಂದವರು ನೀವೇ ಅಲ್ವಾ ಅಂದ. ಹೌದು, ಅದು ನಾನೇ. ಜಾಡಿಯಲ್ಲಿರುವುದು ಅದೇ. ಇದನ್ನು ನಿನಗೆ ಹೇಳಬಾರದೆಂದಿದ್ದೆ.

ಆಮೇಲೆ ಅವನು ಹೇಳಿದ್ದನ್ನು ಈ ಕಲ್ಲುಮೇಜಿನ ಮುಂದೆ ಕೂತು ಕೇಳಿದೆ. ನಾಲ್ಕು ವರ್ಷದ ಕೆಳಗೆ ಅವನು ಕಾಲು ಮುರಿದು ಮಲಗಿದ್ದಾಗ ಅವನ ಹಿಟ್ಟು ಬೂಸ್ಟು ಹಿಡಿದು ಸತ್ತಿತಂತೆ. ನೀನು ನಮ್ಮ ಜಾಡಿಯಿಂದ ಒಂದು ಬಟ್ಟಲು ಕೊಟ್ಟೆಯಂತೆ. ಅಂದಿನಿಂದ ಈ ಅಂಗಡಿಯ ಪ್ರತಿಯೊಂದು ಪಿಜ್ಜಾ ನಿನ್ನ ಹಿಟ್ಟಿನದೇ. ನಿಮ್ಮವರಿಗೆ ಹೇಳಲಾ ಅಂತ ಅವನು ಕೇಳಿದರೆ, ಬೇಡ, ಅವನು ಅಂಗಡಿಯದೇ ಚೆನ್ನ ಅಂತ ಹೊಗಳೋದನ್ನ ಪಕ್ಕದಲ್ಲಿ ಕೂತು ಕೇಳೋಕೆ ನನಗೆ ತುಂಬ ಚೆನ್ನಾಗಿರುತ್ತೆ ಅಂದೆಯಂತೆ. ಹಾಗಾದರೆ ಮನೇಲಿ ಯಾಕೆ ಅದು ಗಟ್ಟಿ ಅಂದೆ. ನನ್ನ ಅಂಗಡೀಲಿ ಅದು ಎರಡು ದಿನ ಕಾಯುತ್ತೆ ಸ್ವಾಮಿ, ನಿಮ್ಮ ಮನೇಲಿ ಅದನ್ನ ಕಾಯೋಕೆ ಬಿಟ್ಟೋರು ಯಾರು ಅಂದ.

ನಾಲ್ಕು ವರ್ಷ ನಾನು ನಿನ್ನೆದುರಿಗೇ ನಿನ್ನನ್ನು ಹೊಗಳಿದ್ದೇನೆ. ಗೊತ್ತಿಲ್ಲದೆ. ಆ ಶನಿವಾರವೂ. ಅವತ್ತು ನಿನಗೆ ಅದು ಕೇಳಲು ಚೆನ್ನಾಗಿರಲಿಲ್ಲ.

ಮೇಲಿನ ಕಾಗದವನ್ನು ಹರಿಯಬೇಕೆಂದುಕೊಂಡೆ. ಹರಿದಿದ್ದು ಲಕೋಟೆಯನ್ನು ಮಾತ್ರ. ಅದರ ಐದು ತಿಂಗಳಲ್ಲಿ ಮೂರು ತಿಂಗಳು ನಿಜ, ಆರು ಹದಿನೈದು ನಿಜ, ಕನಸು ನಿಜ. ಭಾನುವಾರ ನೀನು ಜಾಡಿಗೆ ಕಿವಿಯಿಟ್ಟಾಗ ಅದರೊಳಗೆ ನನ್ನ ಸುಳ್ಳು ಕೇಳಿಸಬಾರದು ಅಂತ ಇದನ್ನೂ ಸೇರಿಸಿ ಕಳಿಸುತ್ತಿದ್ದೇನೆ. ನಿನ್ನದೇ ಹಿಟ್ಟು ಬೀದಿ ಸುತ್ತಿ ತವರಿಗೆ ಬಂದು ಕೂತಿದೆ. ಒಯ್ಯುವುದಾದರೆ ಒಯ್ಯಿ, ನನಗೆ ಒಂದು ಚಮಚ ಬಿಟ್ಟು ಹೋಗು. ಉಣಿಸಲು ಬರುತ್ತದೆ ಈಗ.

ಮೊದಲಿನದು ಏನಾಯಿತು ಎಂದು ನೀನು ಕೇಳಿಯೇ ಕೇಳುತ್ತೀಯ. ನೀನು ಹೋದ ಮೂರನೇ ದಿನ, ಮನೆ ಚೊಕ್ಕಟವಾಗಿಟ್ಟರೆ ನೀನು ವಾಪಸ್ಸು ಬರುತ್ತೀಯ ಎಂದುಕೊಂಡು, ನಿನ್ನ ಕಿವಿ ಪಕ್ಕದಲ್ಲಿಲ್ಲದೆ ಗುರುತು ಹತ್ತದ ಹುಳಿ ವಾಸನೆಯ ಜಾಡಿಯೊಂದು ಕಂಡು, ಏನೋ ಕೊಳೆತಿದೆ ಅಂತ ಬಿಸಿನೀರು, ಸೋಪು ಹಾಕಿ ಎರಡೆರಡು ಸಲ ಉಜ್ಜಿದೆ. ಇದಕ್ಕೆ ದಿನಾ ಉಣಿಸು ಎಂದು ನೀನು ಬರೆದಿಟ್ಟು ಹೋಗಿದ್ದ ಚೀಟಿ ಸಿಕ್ಕಿದ್ದು ಜಾಡಿ ಒಣಗಿದ ಮೇಲೆ. ಹನ್ನೊಂದು ವರ್ಷದಲ್ಲಿ ಯಾರೂ ಹೇಳದೆ ನಾನಾಗಿಯೇ ತೊಳೆದ ಮೊದಲ ಪಾತ್ರೆ ಅದು.

ಮುಚ್ಚಳವನ್ನೂ ತೊಳೆದಿದ್ದೆ.